ಎತ್ತು ಸತ್ತ ದಿನ ಹುಟ್ಟಿದವಳು

ನಮ್ಮ ಹಟ್ಟಿಯಲ್ಲಿ ದೇವರ ಎತ್ತು ಸಾಯುವುದಿಲ್ಲ, ಸ್ವಾಮಿಯ ಪಾದ ಸೇರುತ್ತದೆ. ನಾನು ಬೇಕೆಂದೇ ಸತ್ತಿತು ಎಂದು ಬರೆಯುತ್ತಿದ್ದೇನೆ. ಆ ಎತ್ತು ಒಂದು ಜನವರಿ ಇಪ್ಪತ್ತಾರರಂದು ಸತ್ತಿತು. ಅದೇ ದಿನ, ಹಟ್ಟಿಯ ಮುಳ್ಳುಬೇಲಿಯ ಆಚೆಗಿದ್ದ ಗುಡಿಸಲಿನಲ್ಲಿ ನಾನು ಹುಟ್ಟಿದೆ. ಹಟ್ಟಿಗೆ ಹಟ್ಟಿಯೇ ನೆನಪಿಟ್ಟುಕೊಂಡದ್ದು ಮೊದಲನೆಯದನ್ನು. ಎರಡನೆಯದು ಯಾರಿಗಾದರೂ ನೆನಪಿದ್ದರೆ ಅದೂ ಎತ್ತಿನ ದೆಸೆಯಿಂದಲೇ. ‘ಎತ್ತು ಹೋಯ್ತು, ಇವಳು ಬಂದ್ಲು’ ಎಂದು ನನ್ನ ಮುಂದೆಯೇ ನಗುತ್ತಿದ್ದರು. ನಷ್ಟವಾದದ್ದು ಯಾರಿಗೆ ಎಂಬುದು ಆ ನಗುವಿನಲ್ಲೇ ಗೊತ್ತಾಗುತ್ತಿತ್ತು.

ನಗಲಿ ಬಿಡಿ, ನನ್ನ ಹೊಟ್ಟೆ ಉರಿಸಿದ್ದು ಅದಲ್ಲ. ಪ್ರತಿ ವರ್ಷ ಆ ದಿನ ನನ್ನ ಅವ್ವ ಎತ್ತಿನ ಸಮಾಧಿಯ ಮುಂದೆ ಕುಳಿತು ಎದೆ ಬಡಿದುಕೊಂಡು ಅಳುತ್ತಿದ್ದಳು. ತನ್ನ ಹೆತ್ತ ತಾಯಿ ಹೋದಾಗಲೂ ಸೆರಗು ಬಾಯಿಗಿಟ್ಟುಕೊಂಡು ಸುಮ್ಮನೆ ಕುಳಿತಿದ್ದ ಹೆಂಗಸು ಅವಳು. ಅಂಥವಳು ನಾನು ಹುಟ್ಟಿದ ದಿನ ಒಂದು ಎತ್ತಿಗಾಗಿ ಅಳುತ್ತಾಳೆ, ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಯಾಕೆ? ಈ ಒಂದು ಪ್ರಶ್ನೆಯನ್ನು ಕಟ್ಟಿಕೊಂಡೇ ನಾನು ದೊಡ್ಡವಳಾದೆ. ಅವ್ವ ಆ ಒಂದು ದಿನ ಎತ್ತನ್ನು ಬಿಟ್ಟು ನನ್ನ ಮುಖ ನೋಡಲಿ ಎನ್ನುವುದಷ್ಟೇ ನನಗೆ ಬೇಕಾಗಿತ್ತು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ದೇವರಿಗೆ ಬಿಟ್ಟ ಎತ್ತುಗಳಿಗೆ ನೊಗ ಹಾಕುವುದಿಲ್ಲ, ಗಾಡಿ ಕಟ್ಟುವುದಿಲ್ಲ, ಒಂದು ಏಟೂ ಹೊಡೆಯುವುದಿಲ್ಲ. ಅವುಗಳಿಗೆ ಬೇರೆಯದೇ ರೊಪ್ಪ, ಅಂದರೆ ದೊಡ್ಡಿ, ಇರುತ್ತದೆ, ಅವುಗಳನ್ನು ಮೇಯಿಸಿ ನೋಡಿಕೊಳ್ಳಲು ಒಬ್ಬ ಕಿಲಾರಿ ಇರುತ್ತಾನೆ. ಅಪ್ಪನ ಅಪ್ಪ, ನಮ್ಮ ತಾತ, ಕಿಲಾರಿಯಾಗಿದ್ದ. ಕುದಾಪುರದ ಕಡೆಯ ಹುಲ್ಲುಗಾವಲಿನಲ್ಲಿ ಕಾಲಿಗೆ ಚಪ್ಪಲಿಯಿಲ್ಲದೆ ಅವುಗಳ ಹಿಂದೆ ಜೀವಮಾನವೆಲ್ಲ ತಿರುಗಿದ. ಅದರ ಬಗ್ಗೆ ನನಗೆ ತಕರಾರಿಲ್ಲ. ತಾತ ಎತ್ತುಗಳನ್ನು ನೋಡಿಕೊಂಡ ಹಾಗೆ ಮನುಷ್ಯರನ್ನು ನೋಡಿಕೊಳ್ಳುವವರನ್ನು ನಾನು ಇನ್ನೂ ಕಂಡಿಲ್ಲ. ಆದರೆ ಆ ಎತ್ತುಗಳ ರೊಪ್ಪ ಹಟ್ಟಿಯ ಒಳಗಿತ್ತು, ಹೆರುವ ಹೆಂಗಸಿನ ಜಾಗ ಬೇಲಿಯ ಹೊರಗಿತ್ತು. ನೋವು ಶುರುವಾಗುವ ಮೊದಲೇ ಅವಳನ್ನು ಆಚೆ ಕಳಿಸುತ್ತಿದ್ದರು. ಹೆತ್ತ ಮೇಲೂ ಮೈಲಿಗೆ ಕಳೆಯುವ ತನಕ ಕೂಸಿನ ಜೊತೆ ಅಲ್ಲೇ ಬಿದ್ದಿರಬೇಕು. ಗರಿ ಹೊದಿಸಿದ ಆ ಗುಡಿಸಲಿನೊಳಗೆ ಬಗ್ಗಿ ಹೋಗಬೇಕು, ಬಗ್ಗಿ ಬರಬೇಕು. ಅವ್ವ ನನ್ನನ್ನು ಹೆತ್ತದ್ದು ಅಲ್ಲಿ.

ಮಿಕ್ಕ ಎತ್ತುಗಳ ಕಾರ್ಯವನ್ನು ತಿಥಿ ನೋಡಿ ಮಾಡುತ್ತಿದ್ದರು. ಈ ಎತ್ತಿಗೆ ಮಾತ್ರ ಇಂಗ್ಲಿಷ್ ತಾರೀಖು. ಅದಕ್ಕೊಂದು ಕಾರಣವಿತ್ತು. ಅದು ಸತ್ತ ಬೆಳಗ್ಗೆ ಹತ್ತಿರದ ಊರಿನ ಶಾಲೆಯಲ್ಲಿ ಬಾವುಟ ಹಾರಿಸಿ, ಮೇಷ್ಟ್ರು ಮಕ್ಕಳನ್ನು ಸಾಲು ಹಚ್ಚಿಕೊಂಡು ಹಟ್ಟಿಯ ಕಡೆ ಮೆರವಣಿಗೆ ಬಂದಿದ್ದರಂತೆ. ಬಂದು ನೋಡಿದರೆ ಎತ್ತಿನ ಹೆಣಕ್ಕೆ ಹೂವು ಕಟ್ಟುತ್ತಿದ್ದಾರೆ. ಮೇಷ್ಟ್ರು ಏನು ಮಾಡಬೇಕೋ ತೋಚದೆ ಮಕ್ಕಳನ್ನು ಅಲ್ಲೇ ನಿಲ್ಲಿಸಿ ನಮಸ್ಕಾರ ಮಾಡಿಸಿದರು. ಮಕ್ಕಳ ಕೈಯಲ್ಲಿ ಕಾಗದದ ಬಾವುಟಗಳಿದ್ದವು. ನಮ್ಮ ಎತ್ತಿಗೆ ಸರ್ಕಾರವೇ ಝಂಡಾ ಹಿಡಿಸಿ ಮರ್ಯಾದೆ ಮಾಡಿತು ಎಂದು ಹಟ್ಟಿ ತಿಳಿದುಕೊಂಡಿತು. ಹಾಗಲ್ಲ ಎಂದು ಹೇಳುವ ಧೈರ್ಯ ಮೇಷ್ಟ್ರಿಗೂ ಬರಲಿಲ್ಲ. ಅವತ್ತಿನಿಂದ ವರ್ಷ ವರ್ಷವೂ ಬಾವುಟದ ದಿನವೇ ಎತ್ತಿನ ದಿನವಾಯಿತು, ದೇಶಕ್ಕೆ ಸಂವಿಧಾನ ಬಂದದ್ದು ನಮ್ಮ ಹಟ್ಟಿಯ ಮಟ್ಟಿಗೆ ನೆಪಕ್ಕೆ ಮಾತ್ರ.

ಶಾಲೆಯ ದಾಖಲೆಯಲ್ಲಿ ನಾನು ಹುಟ್ಟಿದ್ದು ಜೂನ್ ಒಂದರಂದು. ತೊಂಬತ್ತರ ದಶಕದ ಮೊದಲಿಗೆ ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದುಕೊಂಡು ಹೈಸ್ಕೂಲು ಓದುವಾಗ ನನಗೆ ಗೊತ್ತಾಯಿತು, ಸುತ್ತಲ ಹಟ್ಟಿ ಹಳ್ಳಿಗಳಿಂದ ಬಂದವರೆಲ್ಲ ಜೂನ್ ಒಂದರಂದೇ ಹುಟ್ಟಿದವರು. ನಮ್ಮ ಇತಿಹಾಸದ ಮೇಷ್ಟ್ರಿಗೆ ಒಂದು ಹುಚ್ಚಿತ್ತು. ದಿನಾ ಬೆಳಗ್ಗೆ ಪ್ರಾರ್ಥನೆಗೆ ಮೊದಲು ವರಾಂಡದ ಬೋರ್ಡಿನ ಮೇಲೆ ‘ಈ ದಿನ’ ಎಂದು ತಲೆಬರಹ ಬರೆದು, ಆ ತಾರೀಖಿನಂದು ಲೋಕದಲ್ಲಿ ಏನೇನು ನಡೆಯಿತು, ಯಾವ ಯಾವ ದೊಡ್ಡವರು ಹುಟ್ಟಿದರು ಎಂದು ಬರೆಯುತ್ತಿದ್ದರು. ಅವತ್ತು ಹುಟ್ಟಿದ ಮಕ್ಕಳು ಎದ್ದು ನಿಂತು ಅದನ್ನು ಓದಬೇಕು. ಶಾಲೆ ಶುರುವಾಗುವ ಜೂನ್ ಒಂದರಂದು ಅರ್ಧ ಶಾಲೆಯೇ ಎದ್ದು ನಿಂತಿತು.

“ಏನ್ರೋ ಇದು? ನಿಮ್ಮ ಅವ್ವಂದಿರೆಲ್ಲ ಮಾತಾಡ್ಕೊಂಡು ಹೆತ್ತವರಾ?” ಎಂದರು ಮೇಷ್ಟ್ರು. ಪೇಟೆಯ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಹೆಸರು ಹಚ್ಚುವಾಗ ನಮ್ಮ ಹೆತ್ತವರನ್ನು ಒಂದು ಮಾತೂ ಕೇಳದೆ ಜೂನ್ ಒಂದು ಎಂದು ಗೀಚಿದವರು ಇವರ ಕಸುಬಿನವರೇ ಅಲ್ಲವೇ ಎಂದು ನನಗೆ ಮೈಯೆಲ್ಲ ಉರಿಯಿತು.

“ಸಾರ್, ನಾನು ಜೂನ್ ಒಂದಲ್ಲ. ಜನವರಿ ಇಪ್ಪತ್ತಾರು” ಎಂದೆ.

“ಹೌದಾ? ಯಾರಮ್ಮ ಹೇಳಿದ್ದು?”

“ಅವತ್ತು ನಮ್ಮ ದೇವರ ಎತ್ತು ತೀರ್ಕೊಂತು ಸಾರ್.”

ಆಮೇಲೆ ಮೂರು ವರ್ಷ ನನಗೆ ಇದ್ದ ಹೆಸರು ‘ಎತ್ತಿನ ತಂಗಿ’. ಹುಡುಗರು ಕಿಟಕಿಯಿಂದ ಅಂಬಾ ಎಂದು ಕೂಗಿ ಓಡುತ್ತಿದ್ದರು. ಒಬ್ಬನಿಗೆ ಕಂಪಾಸ್ ಬಾಕ್ಸಿನಿಂದ ಬಾರಿಸಿ ನಾನೇ ಶಿಕ್ಷೆ ತಿಂದೆ.

ಮರು ಜನವರಿಯಲ್ಲಿ ಬಾವುಟದ ದಿನ ನಸುಕಿಗೇ ಎದ್ದು ಬೋರ್ಡಿನ ಮುಂದೆ ನಿಂತೆ. ಮೇಷ್ಟ್ರು ಚೆಂದಗೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದರು. ಇದೇ ದಿನ ದೇಶ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿತು. ಇದೇ ದಿನ ಗಣರಾಜ್ಯವಾಯಿತು. ಇದೇ ದಿನ ದೂರದ ಆಸ್ಟ್ರೇಲಿಯಾದಲ್ಲಿ ಬ್ರಿಟಿಷರು ಕೈದಿಗಳನ್ನು ಹಡಗಿನಿಂದ ಇಳಿಸಿ ತಮ್ಮ ಬಾವುಟ ನೆಟ್ಟರು. ಈಶಾನ್ಯದ ಬೆಟ್ಟಗಳಲ್ಲಿ ಅದೇ ಬ್ರಿಟಿಷರನ್ನು ಎದುರಿಸಿ ಹದಿಹರೆಯದಲ್ಲೇ ಜೈಲು ಸೇರಿದ ಒಬ್ಬ ಹೆಣ್ಣುಮಗಳು ಹುಟ್ಟಿದ್ದೂ ಇದೇ ದಿನ. ಅದನ್ನು ಓದಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಕೆಳಗೆ ಬಿದ್ದಿದ್ದ ಸೀಮೆಸುಣ್ಣದ ಚೂರು ತೆಗೆದುಕೊಂಡು ಅವಳ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ. ಮೇಷ್ಟ್ರು ಬಂದು ನೋಡಿ ಬೈಯಲಿಲ್ಲ. ಬೆರಳಿನಿಂದ ಅದೊಂದನ್ನೇ ಒರೆಸಿ, “ಇಂಥವೆಲ್ಲ ಇಲ್ಲಿ ಬರೆಯಬಾರದಮ್ಮ, ಇದು ಇತಿಹಾಸ” ಎಂದರು.

ಅಲ್ಲಿ ಇತಿಹಾಸ ನನ್ನನ್ನು ಒರೆಸಿತು ಎಂದು ಸಿಟ್ಟಿನಲ್ಲೇ ಬಸ್ಸು ಹತ್ತಿ ಹಟ್ಟಿಗೆ ಹೋದರೆ, ಇಲ್ಲಿ ಎತ್ತು. ಸಮಾಧಿಗೆ ಸುಣ್ಣ ಬಳಿದಿದ್ದರು, ಹಾಲು ತುಪ್ಪ ಬಿಟ್ಟಿದ್ದರು. ಉರುಮೆ ಬಾರಿಸುತ್ತಿದ್ದರು. ನಮ್ಮ ಕಡೆಯ ಈ ವಾದ್ಯದ ಕೊರೆಯುವ ಸದ್ದಿನ ಮುಂದೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಉರುಮೆ ನಿಂತಾಗ ಹೆಂಗಸರು ಎತ್ತಿನ ಗುಣ ಹೇಳಿಕೊಂಡು ಅಳಬೇಕು. ಮಿಕ್ಕವರದು ಶಾಸ್ತ್ರದ ಅಳು, ಕಣ್ಣಲ್ಲಿ ನೀರಿರುತ್ತಿರಲಿಲ್ಲ. ಅವ್ವ ಗುಣವನ್ನೂ ಹೇಳುತ್ತಿರಲಿಲ್ಲ. ಮಣ್ಣಿಗೆ ಹಣೆ ಹಚ್ಚಿ ‘ಅಯ್ಯೋ ನನ್ನವ್ವಾ’ ಎಂದು ಒಂದೇ ಸಮ ಕೂಗುತ್ತಿದ್ದಳು. ಅದನ್ನು ನೋಡಲೆಂದೇ ಬೇರೆ ಹಟ್ಟಿಗಳಿಂದ ಜನ ಬರುತ್ತಿದ್ದರು. ತಾತನಿಗೆ ಹೆಮ್ಮೆಯೋ ಹೆಮ್ಮೆ. “ನೋಡ್ರಿ, ದೇವರ ಎತ್ತಿಗೆ ಅಳೋದಂದ್ರೆ ನಮ್ಮ ಸೊಸೆ ಹಂಗೆ ಅಳಬೇಕು. ಭಕ್ತಿ ಅಂದ್ರೆ ಅದು” ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಆ ಸಂಜೆ ಅವ್ವ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಾಗ ಕೇಳಿದೆ.

“ಅವ್ವಾ, ಇವತ್ತು ನಾನು ಹುಟ್ಟಿದ ದಿನ. ಗೊತ್ತೈತಾ?”

“ಗೊತ್ತೈತೆ.”

“ಮತ್ತೆ ಯಾಕೆ ಅಳ್ತೀಯಾ?”

“ಅಳು ಬರ್ತೈತೆ, ಅಳ್ತೀನಿ. ತಟ್ಟೆ ತಗೊಂಡು ಬಾ ಹೋಗು.”

ಅಪ್ಪನನ್ನು ಕೇಳೋಣವೆಂದರೆ ಅವನು ಆ ಕಾಲದಲ್ಲಿ ಊರಲ್ಲಿರುತ್ತಲೇ ಇರಲಿಲ್ಲ. ಸುಗ್ಗಿ ಮುಗಿಯುತ್ತಿದ್ದಂತೆ ಕುರಿ ಹೊಡೆದುಕೊಂಡು ಬಳ್ಳಾರಿಯ ಕಡೆಗೆ ಹೋದರೆ ಬೇಸಿಗೆಗೇ ಬರುವುದು. ನಾನು ಹುಟ್ಟಿದಾಗಲೂ ಇರಲಿಲ್ಲ. ತಾತನ ಹೆಂಡತಿ, ನಮ್ಮಜ್ಜಿ, ಹಟ್ಟಿಯ ಸೂಲಗಿತ್ತಿ, ಎಲ್ಲರ ಹೆರಿಗೆಯ ಕಥೆಯನ್ನೂ ರಸವತ್ತಾಗಿ ಹೇಳುತ್ತಿದ್ದವಳು, ನನ್ನದು ಕೇಳಿದರೆ ಎಲೆ ಅಡಿಕೆ ಹುಡುಕುತ್ತಿದ್ದಳು. ಎತ್ತಿಗೆ ಮಣ್ಣು ಕೊಟ್ಟು ಬರುವಷ್ಟರಲ್ಲಿ ನೀನು ಹುಟ್ಟಿದ್ದೆ, ಅಷ್ಟೇ ಎನ್ನುತ್ತಿದ್ದಳು. ಅಂದರೆ ಹಟ್ಟಿಯೆಲ್ಲ ಎತ್ತಿನ ಹಿಂದೆ ಹೋಗಿತ್ತು, ಅವ್ವ ಒಬ್ಬಳೇ ಹೆತ್ತಿದ್ದಳು. ಅದಾದ ಮೇಲೂ ಅವಳು ಆ ಎತ್ತಿಗೇ ಅಳುತ್ತಾಳಲ್ಲ, ಇವಳಿಗೆ ಮಾನವಿಲ್ಲವೇ ಎಂದು ಅವ್ವನ ಮೇಲೆಯೇ ನನಗೆ ಕೋಪ. ಎಷ್ಟೋ ಸಲ ರಜೆಗೆ ಹೋದಾಗ ಅವಳ ಜೊತೆ ಮಾತು ಬಿಟ್ಟಿದ್ದೇನೆ. ಅಜ್ಜಿ ಏನೂ ಹೇಳದೆಯೇ ತೀರಿಕೊಂಡಳು.

ಟಿ.ಸಿ.ಎಚ್. ಮುಗಿಸಿ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಹತ್ತಿರ ಒಂದು ಶಾಲೆಗೆ ಟೀಚರಾಗಿ ಸೇರಿದೆ. ಮಕ್ಕಳು ಅರ್ಧ ತೆಲುಗು, ಅರ್ಧ ಕನ್ನಡ. ಎರಡು ಸಾವಿರದ ಒಂದರ ಜನವರಿ ಇಪ್ಪತ್ತಾರು, ಬಾವುಟ ಹಾರಿಸಿ ಲಾಡು ಹಂಚುತ್ತಿದ್ದೆ. ಎರಡನೇ ಕ್ಲಾಸಿನ ಒಂದು ಹುಡುಗಿ ನನ್ನ ಸೆರಗು ಜಗ್ಗಿ, “ಟೀಚರ್, ಮೀ ಪುಟ್ಟಿನರೋಜು ಎಪ್ಪುಡು?” ಎಂದು ಕೇಳಿತು. ನನ್ನ ಹುಟ್ಟಿದ ದಿನ ಯಾವಾಗ ಎಂದು ಯಾರೂ ಹಾಗೆ ಸುಮ್ಮನೆ ಕೇಳಿದ್ದೇ ಇಲ್ಲ. ಇವತ್ತೇ ಕಣೇ ಎಂದೆ. ಮಕ್ಕಳೆಲ್ಲ ಕಿರುಚಿ ಚಪ್ಪಾಳೆ ತಟ್ಟಿದರು. ಆ ಹುಡುಗಿ ತಾನು ಕಚ್ಚಿದ್ದ ಲಾಡಿನ ಉಳಿದರ್ಧ ನನ್ನ ಬಾಯಿಗಿಟ್ಟಿತು. ಕಣ್ಣಲ್ಲಿ ನೀರು ಬಂತು, ಹಿಂದೆಯೇ ಸಿಟ್ಟು. ಯಾರೋ ಹೆತ್ತ ಮಗುವಿಗೆ ಇರುವ ಅಕ್ಕರೆ ನನ್ನ ಹೆತ್ತವಳಿಗೆ ಇಲ್ಲವೇ? ಇವತ್ತು ಹೋಗಿ ಅವ್ವನನ್ನು ಸಮಾಧಿಯ ಮುಂದಿನಿಂದ ಎಬ್ಬಿಸಿ ಕರೆದುಕೊಂಡೇ ಬರುತ್ತೇನೆ ಎಂದು ಬಸ್ಸು ಹತ್ತಿದೆ.

ಚಳ್ಳಕೆರೆಯ ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲೊಂದರ ಟಿ.ವಿ. ಮುಂದೆ ಜನ ಮುಗಿಬಿದ್ದಿದ್ದರು. ಗುಜರಾತಿನಲ್ಲಿ ಭೂಕಂಪವಾಗಿತ್ತು. ಬೆಳಗ್ಗೆ ಬಾವುಟ ಹಾರಿಸುವ ಹೊತ್ತಿಗೇ ಭೂಮಿ ನಡುಗಿ ಊರಿಗೆ ಊರೇ ಕುಸಿದಿತ್ತು. ಎಷ್ಟು ಜನ ಹೋದರೆಂದು ಇನ್ನೂ ಗೊತ್ತಿಲ್ಲ, ಮಕ್ಕಳೂ ಸಿಕ್ಕಿಹಾಕಿಕೊಂಡಿದ್ದಾರೆ ಎನ್ನುತ್ತಿದ್ದರು. ‘ಯಾ ಅಲ್ಲಾ’ ಎಂದು ಹಣ್ಣಿನ ಗಾಡಿಯ ಮುದುಕರೊಬ್ಬರು ಕಣ್ಣೊರೆಸಿಕೊಂಡರು. ನನ್ನ ಬಾಯಲ್ಲಿ ಲಾಡಿನ ಸಿಹಿ ಇನ್ನೂ ಇತ್ತು, ಅದು ಒಗರಾಯಿತು.

ಹಟ್ಟಿ ಮುಟ್ಟಿದಾಗ ತಾತ ರೊಪ್ಪದ ಮುಂದೆ ಕಂಬಳಿ ಹಾಸಿಕೊಂಡು ಕುಳಿತಿದ್ದ. ಕಣ್ಣು ಮಂಜಾಗಿತ್ತು, ಕಿವಿ ಚೆನ್ನಾಗಿತ್ತು. “ಪೇಟೆ ಕಡೆ ಏನವ್ವಾ ಸುದ್ದಿ?” ಎಂದ. ಹೇಳಿದೆ. ಅವನು ಕೈ ಮುಗಿದ. ಆಮೇಲೆ, “ಇವತ್ತೇನಾ? ಬೆಳಗ್ಗೇನಾ?” ಎಂದು ಎರಡೆರಡು ಸಲ ಕೇಳಿದ. ಅವನ ಮುಖದಲ್ಲಿ ಅದೇನು ಹೊಳೆಯಿತೋ ಆಗ ನನಗೆ ತಿಳಿಯಲಿಲ್ಲ.

ಅವ್ವ ನೀರು ಹಾಕಿಕೊಂಡು, ಒದ್ದೆ ತಲೆಗೆ ಸೆರಗು ಹೊದ್ದು ಹೊರಟಿದ್ದಳು. ನಾನು ತಂದಿದ್ದ ಸೀರೆ ಅವಳ ಕೈಗಿಟ್ಟೆ.

“ಉಟ್ಕೋ. ಅಲ್ಲಿಗೆ ಹೋಗೋದು ಬ್ಯಾಡ. ನನ್ನ ಜೊತೆ ರಾಂಪುರಕ್ಕೆ ಬಾ.”

“ನಾಳೆ ಬರ್ತೀನಿ. ಇವತ್ತು ಆಗಲ್ಲ.”

“ಯಾಕಾಗಲ್ಲ? ಎತ್ತು ಏಳ್ತೈತಾ ನೀನು ಅತ್ರೆ? ನೀನು ಬೇಲಿ ಆಚೆ ಒಬ್ಳೇ ಸಾಯ್ತಾ ಬಿದ್ದಿದ್ದಾಗ ಎಲ್ರೂ ಅದರ ಹಿಂದೆ ಹೋದ್ರು. ಅಂಥದಕ್ಕೆ ಎದೆ ಬಡ್ಕೊಂತೀಯಲ್ಲ, ನಾಚ್ಕೆ ಆಗಲ್ವಾ? ಅವತ್ತು ಹುಟ್ಟಿದ ನಾನು ಕಣ್ಣಿಗೇ ಬೀಳಲ್ವಾ?”

ಹಟ್ಟಿಗೆಲ್ಲ ಕೇಳುವ ಹಾಗೆ ಕೂಗಿದ್ದೆ. ಅವ್ವ ಬೈಯಬಹುದು ಎಂದುಕೊಂಡೆ. ಅವಳು ಸೀರೆಯನ್ನು ಗೂಟಕ್ಕೆ ಹಾಕಿ, ನನ್ನ ರಟ್ಟೆ ಹಿಡಿದು ಬೇಲಿಯ ಆಚೆ ಎಳೆದುಕೊಂಡು ಹೋದಳು. ಹೆರಿಗೆಯ ಗುಡಿಸಲಿನ ಹಿಂದೆ ಹಳದಿ ಹೂವಿನ ಒಂದು ತಂಗಟೆ ಗಿಡ ಇತ್ತು. ಅಲ್ಲಿ ಕುಕ್ಕರುಗಾಲಲ್ಲಿ ಕುಳಿತಳು.

“ನೀನು ಒಬ್ಳೇ ಹುಟ್ಟಿದ್ದಲ್ಲ” ಎಂದಳು.

ನಾನು ನಿಂತೇ ಇದ್ದೆ.

“ನೋವು ಎದ್ದಾಗ ನಿಮ್ಮಜ್ಜಿ ಇಲ್ಲೇ ಇದ್ಲು. ಕಿಲಾರಿ ಹೆಂಡ್ತಿನೇ ಹಾಲು ತುಪ್ಪ ಬಿಡಬೇಕು ಅಂತ ಕರೆ ಬಂತು. ಈಗ ಬಂದೆ ಅಂತ ಹೋದ್ಲು. ನೀನು ಬಂದೆ. ಆಯ್ತು ಅನ್ಕೊಂಡೆ. ಇನ್ನೂ ನೋವು. ಕೂಗ್ದೆ, ಕೂಗ್ದೆ. ಉರುಮೆ ಸದ್ದು, ಯಾರಿಗೆ ಕೇಳ್ತೈತೆ? ಎಲ್ಡನೇದು ಬಂತು. ನಿನಗಿಂತ ಜೋರಾಗಿ ಅತ್ತಿತ್ತು ಅದು. ನನ್ನ ಕೈಲಿ ಏನೂ ಆಗ್ತಿರಲಿಲ್ಲ, ರಕ್ತ ಹೋಗ್ತಾನೇ ಇತ್ತು. ಎಲ್ಡನ್ನೂ ಒಂದೇ ಸೆರಗಲ್ಲಿ ಸುತ್ಕೊಂಡೆ. ಚಳಿ ಗಾಳಿ. ಹೊತ್ತು ಇಳಿಯೋ ಹೊತ್ತಿಗೆ ಅದು ತಣ್ಣಗಾಗಿತ್ತು.”

ಅಜ್ಜಿ ಬಂದು ನೋಡಿ ಮುಖ ಮುಚ್ಚಿಕೊಂಡಳಂತೆ. ಆಮೇಲೆ, ದೇವರ ಎತ್ತಿನ ದಿನ ಮನೆಯಲ್ಲಿ ಇನ್ನೊಂದು ಸಾವು ಎಂದರೆ ಸೂತಕ, ಮಾಡಿದ ಕಾರ್ಯವೆಲ್ಲ ಕೆಟ್ಟಿತು ಎನ್ನುತ್ತಾರೆ, ಕಿಲಾರಿಯ ತಲೆಗೆ ಬರುತ್ತದೆ, ಬಾಯಿ ಬಿಡಬೇಡ ಎಂದು ಕಾಲಿಗೆ ಬಿದ್ದು ಕೇಳಿಕೊಂಡಳು. ಇದೇ ಗಿಡದ ಬುಡದಲ್ಲಿ ಕೈಯಾರೆ ಮಣ್ಣು ಮುಚ್ಚಿದಳು. ತಾತನಿಗೆ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ.

“ಎಲ್ಲಾದ್ರೂ ಕೂತು ಅತ್ರೆ ಯಾಕೆ ಅಂತ ಕೇಳ್ತಾರೆ” ಎಂದಳು ಅವ್ವ. “ಎತ್ತಿನ ಮುಂದೆ ಅತ್ರೆ ಯಾರೂ ಕೇಳಲ್ಲ. ವರ್ಷಕ್ಕೊಂದು ದಿನ. ಅದನ್ನೂ ಬ್ಯಾಡ ಅಂತೀಯಾ?”

ನನಗೆ ಬಂದ ಕೋಪ ಎಂಥದ್ದೆಂದು ಇಷ್ಟು ವರ್ಷವಾದರೂ ಸರಿಯಾಗಿ ಹೇಳಲಾರೆ. ಸತ್ತುಹೋದ ಅಜ್ಜಿಯನ್ನು ಎಬ್ಬಿಸಿ ಕೇಳಬೇಕು ಎನ್ನಿಸಿತು. ಗುಡಿಸಲಿಗೆ ಬೆಂಕಿ ಇಡಬೇಕು ಎನ್ನಿಸಿತು. ಹೆತ್ತ ಕೂಸಿಗೆ ಅಳಲು ಒಬ್ಬ ತಾಯಿ ಎತ್ತಿನ ಸಾವನ್ನು ಕಡ ತೆಗೆದುಕೊಳ್ಳಬೇಕೇ? ಈಗಲೇ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ ಎಂದು ಹೊರಟೆ. ಅವ್ವ ಅಡ್ಡ ನಿಂತು ಆಣೆ ಹಾಕಿದಳು. “ನಿಂದಲ್ಲ ಅದು. ನೀನು ಬಾಯಿ ತೆಗೀಬ್ಯಾಡ.” ಬಾಯಿ ಮುಚ್ಚಿಕೊಂಡು ಅವಳ ಹಿಂದೆ ಸಮಾಧಿಗೆ ಹೋದೆ.

ಆ ಸಲ ಜನ ಹೆಚ್ಚಾಗಿಯೇ ಇದ್ದರು. ಪೂಜೆಯಾಯಿತು, ಉರುಮೆ ನಿಂತಿತು. ಅವ್ವ ಮಣ್ಣಿಗೆ ಹಣೆ ಹಚ್ಚಿದಳು. ‘ಅಯ್ಯೋ ನನ್ನವ್ವಾ’ ಎಂಬ ಕೂಗನ್ನು ಅವತ್ತು ಮೊದಲ ಸಲ ಕಿವಿಗೊಟ್ಟು ಕೇಳಿದೆ. ಎತ್ತನ್ನು ಯಾರಾದರೂ ಅವ್ವಾ ಎನ್ನುತ್ತಾರೆಯೇ? ಇಷ್ಟು ವರ್ಷ ಇಷ್ಟು ಜನ ಕೇಳಿಸಿಕೊಂಡು ಒಬ್ಬರಿಗೂ ಅನುಮಾನ ಬಂದಿರಲಿಲ್ಲ, ನನಗೂ.

ತಾತ ಕೋಲೂರಿ ಎದ್ದು ನಿಂತ. “ಕೇಳ್ರಪ್ಪಾ. ಇವತ್ತು ಬೆಳಗ್ಗೆ ಉತ್ತರದ ಕಡೆ ಭೂಮಿ ನಡುಗೈತೆ. ನನ್ನ ಮೊಮ್ಮಗಳು ಟಿ.ವಿ.ಯಾಗೆ ನೋಡ್ಕೊಂಡು ಬಂದವ್ಳೆ. ಮಕ್ಕಳು ಮರಿ ಎಲ್ಲಾ ಮಣ್ಣು ಪಾಲಾಗೈತೆ. ಯಾಕೆ ಇವತ್ತೇ? ನಮ್ಮ ಎತ್ತು ಹೋದ ದಿನಾನೇ ಯಾಕೆ? ಭೂಮಿತಾಯಿಗೂ ನೆನಪೈತೆ ಅಂತ. ಅದು ನಮ್ಮ ಎತ್ತಿನ ಮಹಿಮೆ!”

ಜನ ಕೈ ಮುಗಿದರು. ಯಾರದೋ ಮನೆಯ ಮಕ್ಕಳು ಅಲ್ಲಿ ಕಲ್ಲಿನಡಿಯಲ್ಲಿದ್ದರು. ಅವರನ್ನೂ ಈ ಮುದುಕ ಎತ್ತಿನ ಪಾದಕ್ಕೆ ತಂದು ಹಾಕಿದ್ದ. ಸುದ್ದಿ ತಂದ ನನ್ನ ನಾಲಿಗೆಯನ್ನೇ ಕಚ್ಚಿಕೊಂಡೆ.

ಅವ್ವನ ಅಳು ಥಟ್ಟನೆ ನಿಂತಿತು. ಹಣೆಯ ಮೇಲಿನ ಮಣ್ಣನ್ನು ಒರೆಸಿಕೊಳ್ಳದೆಯೇ ಅವಳು ಎದ್ದು ಕುಳಿತಳು.

“ಮಾವ, ಯಾರ ಮಕ್ಕಳನ್ನೂ ಎತ್ತಿನ ಲೆಕ್ಕಕ್ಕೆ ಹಾಕ್ಬ್ಯಾಡ್ರಿ” ಎಂದಳು. “ನಂದೂ ಒಂದು ಹೋಗೈತೆ. ಅವತ್ತೇ. ಇವಳ ಜೊತೆ ಇನ್ನೊಂದಿತ್ತು. ನೀವೆಲ್ಲ ಇಲ್ಲಿದ್ರಿ. ಅತ್ತೆ ಯಾರಿಗೂ ಹೇಳ್ಬ್ಯಾಡ ಅಂದ್ರು. ನಾನು ವರ್ಷಾ ಅಳೋದು ಅದಕ್ಕೆ. ನಿಮ್ಮ ಎತ್ತಿಗೆ ಒಂದಿನಾನೂ ಅತ್ತಿಲ್ಲ ನಾನು.”

ತಾತ ಕೋಲಿನ ಮೇಲೆ ಭಾರ ಹಾಕಿ ಅವ್ವನ ಕಡೆ ತಿರುಗಿದ. ಏನಾದರೂ ಒಂದು ಮಾತು, ತಪ್ಪಾಯ್ತು ಅಂತಲೋ, ಅಯ್ಯೋ ಅಂತಲೋ ಹೇಳುತ್ತಾನೆ ಎಂದು ನಾನು ಅವನ ಬಾಯನ್ನೇ ನೋಡುತ್ತಿದ್ದೆ.

“ಗಂಡಾ, ಹೆಣ್ಣಾ?” ಎಂದು ಕೇಳಿದ.

“ಹೆಣ್ಣು ಮಾವ.”

“ಹ್ಞೂಂ” ಎಂದ ತಾತ. ಉರುಮೆಯವನ ಕಡೆ ತಿರುಗಿ, ಶುರು ಮಾಡು ಎಂದು ಕೈ ಬೀಸಿದ.

ಉರುಮೆಯವನು ಕೋಲು ಎತ್ತಿದ. ಅವ್ವ ಅವನ ಕಡೆ ನೋಡಿ, “ತಡಿಯಪ್ಪಾ, ನಾನಿನ್ನೂ ಅತ್ತು ಮುಗಿಸಿಲ್ಲ” ಎಂದಳು. ಸಮಾಧಿಗೆ ಬೆನ್ನು ಹಾಕಿ ನನ್ನ ಕಡೆಗೆ ತಿರುಗಿ ಕುಳಿತಳು. ನನ್ನ ಎರಡೂ ಕೆನ್ನೆ ಹಿಡಿದು, ಅಷ್ಟು ಜನರ ನಡುವೆ, ನನ್ನ ಮುಖ ನೋಡಿಕೊಂಡು ಅತ್ತಳು.